ಹೂಳಿಗೂ ಒಂದು ಪಾಲಿರಲಿ

2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಹಿರೇಹಳ್ಳದ ಸ್ವಚ್ಛತೆಗೆ ಮುಂದಾದಾಗ ಜನ ದುಡ್ಡು ಕೊಟ್ಟರು, ಹಳ್ಳಕ್ಕಿಳಿದು ಕೆಲಸವನ್ನೂ ಮಾಡಿದರು. ಊರೂರಲ್ಲಿ ಹೀಗೆ ವಂತಿಗೆ ಎತ್ತಿ ಕೆರೆ, ಹಳ್ಳಗಳ ಹೂಳು ತೆಗೆಸಿದ ಸುದ್ದಿ ಓದಿದಾಗಲೆಲ್ಲ ಎದೆ ತುಂಬಿ ಬರುತ್ತದೆ. ಆದರೆ ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಮತ್ತೆ ಹೂಳು ಬಂದು ಕೂರುತ್ತದಲ್ಲ, ಆಗಿನ ಖರ್ಚು ಯಾರದು?

ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ತೂಬಿಗೆ ಸಿಕ್ಕಿದ ಕಸ ತೆಗೆದವರ ಹೆಸರು ಎಲ್ಲಿಯೂ ಇರುವುದಿಲ್ಲ. ಕಟ್ಟಲು ಧಾರಾಳವಾಗಿ ಬರುವ ದೇಣಿಗೆ ಕಾಪಾಡಲು ಬಾರದಿರುವುದು ಇದಕ್ಕೇ ಇರಬೇಕು. ಈ ಸಂಕಟ ಹಿಂದಿನವರಿಗೆ ಗೊತ್ತಿತ್ತು. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಬಿತ್ತುವಟ್ಟವೆಂದರೆ ಕೆರೆಯ ಪೋಷಣೆಗೆಂದೇ ಬಿಟ್ಟ ಭೂಮಿ, ಇಲ್ಲವೇ ಕೆರೆಯ ನೀರುಂಡ ಗದ್ದೆಯ ಬೆಳೆಯಲ್ಲಿ ಒಂದು ಪಾಲು. ಹೂಳು ಸಾಗಿಸುವ ಕೆರೆಬಂಡಿಗೆ, ಅದನ್ನೆಳೆಯುವ ಕೋಣಗಳಿಗೆ ಕೂಡ ದತ್ತಿಗಳಿದ್ದವು. ತೂಬು ಎತ್ತಿ ನೀರು ಹಂಚುವ ನೀರಗಂಟಿಗೆ ಅಚ್ಚುಕಟ್ಟಿನ ರೈತರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಉತ್ಸಾಹ ಇದ್ದಾಗ ಕೊಟ್ಟು ಇಲ್ಲದಾಗ ಬಿಡುವ ದಾನವಲ್ಲ ಅದು. ಬೆಳೆ ಬಂದರೆ ಕೆರೆಯ ಪಾಲೂ ಬಂದೇ ಬರಬೇಕು.

ಬ್ರಿಟಿಷರ ಕಾಲದಿಂದ ಕೆರೆಗಳು ಸರ್ಕಾರದ ಲೆಕ್ಕಕ್ಕೆ ಸೇರುತ್ತ ಹೋದವು. ಆಮೇಲೆ ಕೊಳವೆಬಾವಿ ಬಂತು. ಕೆರೆಗೆ ಪಾಲು ಕೊಡುವ ಕಟ್ಟುಪಾಡು ಸಡಿಲವಾಯಿತು. ರಾಜ್ಯದಲ್ಲಿರುವ 36 ಸಾವಿರಕ್ಕೂ ಹೆಚ್ಚು ಕೆರೆಗಳನ್ನು ಜನರ ವಂತಿಗೆಯಿಂದಲೇ ಕಾಯಬೇಕೆಂದು ನಾನು ಹೇಳುತ್ತಿಲ್ಲ. ಏರಿ ಒಡೆದರೆ, ಒತ್ತುವರಿ ಆದರೆ ಸರ್ಕಾರವೇ ಹೊಣೆ ಹೊರಬೇಕು. ಮನೆಗಿಷ್ಟು ಎಂದು ಎಲ್ಲರ ಮೇಲೂ ಒಂದೇ ಪಟ್ಟಿ ಹಾಕುವುದೂ ಅನ್ಯಾಯ. ಅಂಗೈಯಗಲ ಭೂಮಿಯಿಲ್ಲದ ಕೂಲಿಯವರಿಗೂ, ಕೆರೆಯ ಕೆಳಗೆ ಎರಡು ಬೆಳೆ ತೆಗೆಯುವವರಿಗೂ ಒಂದೇ ಮೊತ್ತ ಹೇಗಾದೀತು? ನೀರು ಎಷ್ಟು ಸಿಕ್ಕಿತೋ ಅಷ್ಟಕ್ಕೆ ತಕ್ಕ ಪಾಲು ಎನ್ನುವ ಹಳೆಯ ಲೆಕ್ಕವೇ ನನಗೆ ಹೆಚ್ಚು ಸರಿಯೆನಿಸುತ್ತದೆ.

ಈ ಬೇಸಿಗೆಯಲ್ಲಿ ಕೆರೆಗೆ ಹಣ ಕೂಡಿಸುತ್ತಿರುವ ಊರುಗಳಿಗೆ ನನ್ನದೊಂದು ಬೇಡಿಕೆ. ಬಂದ ಹಣವನ್ನೆಲ್ಲ ಜೆಸಿಬಿ ಬಾಡಿಗೆಗೇ ಸುರಿಯಬೇಡಿ. ಒಂದು ಪಾಲನ್ನು ಕೆರೆ ಸಂಘದ ಖಾತೆಯಲ್ಲಿ ತೆಗೆದಿಡಿ. ಪ್ರತಿ ಸುಗ್ಗಿಗೂ ಅದಕ್ಕೆ ಸೇರಿಸಿ, ಜಮಾ ಖರ್ಚನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಿ. ಮುಂಗಾರಿಗೆ ಮೊದಲು ತೂಬು, ಕೋಡಿ, ಪೋಷಕ ಕಾಲುವೆಗಳನ್ನು ಒಮ್ಮೆ ನೋಡಿಬರುವವರಿಗೆ ಅದರಿಂದಲೇ ಸಂಬಳ ಕೊಡಿ.