ಸ್ವರೂಪವೂ ಉಪಾಧಿಯೂ

ಜಾವಾದಲ್ಲಿ ರಚಿತವಾದ ಒಂದೇ ವೆಬ್ ತಂತ್ರಾಂಶವು ಪರೀಕ್ಷೆಯ ಸರ್ವರಿನಲ್ಲಿ ಕಲ್ಪಿತ ಹೆಸರುಗಳ ಡೇಟಾಬೇಸನ್ನೂ, ಗ್ರಾಹಕರು ಬಳಸತಕ್ಕ ಸರ್ವರಿನಲ್ಲಿ ನಿಜವಾದ ಹಣಕಾಸಿನ ಡೇಟಾಬೇಸನ್ನೂ ಆಶ್ರಯಿಸಿ ವ್ಯವಹರಿಸುತ್ತಿರುವಾಗ, ಎರಡೂ ಕಡೆ ಇರುವುದು ಒಂದೇ ವಸ್ತುವೆನ್ನಲು ನಮಗೆ ಯಾವ ಆಧಾರವುಂಟು? ದಾಸವಾಳದ ಸನ್ನಿಧಿಯಲ್ಲಿ ಸ್ಫಟಿಕವು ಕೆಂಪಾಗಿ ತೋರಿದರೂ ಆ ಕೆಂಪು ಸ್ಫಟಿಕದ್ದಲ್ಲ, ಉಪಾಧಿಯದು, ಎಂದರೆ ಹತ್ತಿರವಿದ್ದು ತನ್ನ ಗುಣವನ್ನು ಆರೋಪಿಸುವ ವಸ್ತುವಿನದು ಎಂದು ಅದ್ವೈತಿಗಳು ಬಹು ಹಿಂದೆಯೇ ನಿರ್ಣಯಿಸಿದರು. ಕಾನ್ಫಿಗರೇಶನ್ ಫೈಲನ್ನು ಕೋಡಿನಿಂದ ಬೇರೆಯಾಗಿಡುವ ರೂಢಿಯೂ ಅದೇ ವಿವೇಕದ ಲೌಕಿಕ ಪ್ರಯೋಗವೆಂದು ನನಗೆ ತೋರುತ್ತದೆ.

ಅಂಥ ಕಾನ್ಫಿಗರೇಶನ್ ಫೈಲುಗಳಲ್ಲೊಂದಾದ ಪ್ರಾಪರ್ಟೀಸ್ ಫೈಲಿನ ಒಂದು ಸಾಲನ್ನು ನೋಡಿ: ಸಮಚಿಹ್ನೆಯ ಎಡಕ್ಕೆ ‘ಡಿಬಿ.ಯುಆರ್‌ಎಲ್’ ಎಂಬ ಹೆಸರು, ಬಲಕ್ಕೆ ಡೇಟಾಬೇಸಿನ ವಿಳಾಸ. ಕೋಡು ಬಲ್ಲುದು ಎಡಗಡೆಯ ಹೆಸರನ್ನು ಮಾತ್ರ. ಬಲಗಡೆಯದು ಎಷ್ಟು ಬಾರಿ ಬದಲಾದರೂ ತಂತ್ರಾಂಶವನ್ನು ಕಟ್ಟಿಟ್ಟ ವಾರ್ ಫೈಲಿನ ಒಂದು ಬೈಟೂ ಕದಲಬೇಕಾಗಿಲ್ಲ. ಆದರೆ ಅದಕ್ಕಾಗಿ ಆ ಮೌಲ್ಯವು ವಾರ್‌ನ ಹೊರಗೆ, ಟಾಮ್‌ಕ್ಯಾಟ್ ಸರ್ವರಿನ ಕಾನ್ಫ್ ಫೋಲ್ಡರಿನಲ್ಲಿಯೋ ಎನ್ವಿರಾನ್‌ಮೆಂಟ್ ವೇರಿಯಬಲ್ಲಿನಲ್ಲಿಯೋ ಇರಬೇಕು. ವೆಬ್-ಇನ್ಫ್ ಎಂಬ ಒಳಕೋಶದಲ್ಲಿಟ್ಟರೆ, ಜಾವಾ ವೆಬ್ ತಂತ್ರಾಂಶಗಳಿಗಿರುವ ಸರ್ವ್‌ಲೆಟ್ ನಿಯಮಾವಳಿಯ ಪ್ರಕಾರ ಬ್ರೌಸರಿಗೆ ಅದು ನೇರವಾಗಿ ದೊರಕದೆಂಬುದೇನೋ ನಿಜ. ಆದರೂ ಪಾಸ್‌ವರ್ಡು ಬದಲಾದೊಡನೆ ಇಡೀ ವಾರನ್ನು ಮರಳಿ ಕಟ್ಟಬೇಕಾಗಿ, ಪರೀಕ್ಷಿಸಿದ್ದು ಒಂದು, ಏರಿಸಿದ್ದು ಇನ್ನೊಂದು ಆಗಿಬಿಡುತ್ತದೆ.

ಇಷ್ಟರಿಂದಲೇ ಅದ್ವೈತಿಗೆ ಜಯಪತ್ರ ಬರೆದುಕೊಡಲಾರೆ. ಉಪಾಧಿಗಳನ್ನೆಲ್ಲ ಕಳಚಿದ ಆತ್ಮವು ಸ್ವಯಂಪ್ರಕಾಶವಾಗಿ ಉಳಿಯುವುದಂತೆ. ಕಾನ್ಫಿಗರೇಶನ್ ಕಳಚಿದ ತಂತ್ರಾಂಶವಾದರೋ, ಮೌಲ್ಯವನ್ನು ತರಹೋದ ಗೆಟ್‌ಪ್ರಾಪರ್ಟಿಯಿಂದ ಏನೂ ಇಲ್ಲವೆಂಬ ‘ನಲ್’ ಬಂದ ಮೇಲೆ, ಲಾಗಿನಲ್ಲಿ ಮಾರುದ್ದದ ಸ್ಟ್ಯಾಕ್ ಟ್ರೇಸ್ ಬರೆದು ಬಿದ್ದುಕೊಳ್ಳುತ್ತದೆ. ವಿಶೇಷಣವು ವಿಶೇಷ್ಯವನ್ನು ಬಿಟ್ಟಿರಲಾರದೆಂಬ ರಾಮಾನುಜೀಯರ ಅಪೃಥಕ್‌ಸಿದ್ಧಿಯೇ ಇಲ್ಲಿ ಹೆಚ್ಚು ಒಪ್ಪುತ್ತದೆ: ಯಾವುದೋ ಒಂದು ಮೌಲ್ಯ ಇರಲೇಬೇಕು, ಯಾವುದೆಂಬುದು ಮಾತ್ರ ಸ್ಥಳಾಧೀನ.

ಇದಕ್ಕಿಂತಲೂ ತೊಡಕಿನದು, ಹೊರಗಿಡಬಹುದೆಂಬ ಮಾತ್ರಕ್ಕೆ ಸಕಲವನ್ನೂ ಹೊರಗಿಡುವ ಉತ್ಸಾಹ. ಬಡ್ಡಿಯನ್ನು ಲೆಕ್ಕ ಹಾಕುವ ಕ್ರಮವನ್ನೇ ಎಕ್ಸ್‌ಎಂಎಲ್‌ಗೆ ಸಾಗಿಸಿ, ‘ಇದು ಬರಿಯ ಸೆಟ್ಟಿಂಗು’ ಎನ್ನುವವರುಂಟು. ಆಗ ಕಂಪೈಲರು ಕಣ್ಣಾಡಿಸದ, ಟೆಸ್ಟು ಸಾಮಾನ್ಯವಾಗಿ ಮುಟ್ಟದ ಜಾಗದಲ್ಲಿ ತಂತ್ರಾಂಶದ ಸ್ವರೂಪವೇ ಉಪಾಧಿಯ ವೇಷ ತೊಟ್ಟು ಕುಳಿತಿರುತ್ತದೆ. ಸರ್ವರಿನಿಂದ ಸರ್ವರಿಗೆ ಭಿನ್ನವಾಗುವುದೋ ಇಲ್ಲವೋ ಎಂಬುದಲ್ಲವೆ ಕೇಳಬೇಕಾದ ಪ್ರಶ್ನೆ? ಹಾಗೆ ಕೇಳಿದಾಗ, ವೆಬ್.ಎಕ್ಸ್‌ಎಂಎಲ್‌ನಲ್ಲಿ ಬರೆಯಲೇಬೇಕಾಗಿದ್ದ ಸರ್ವ್‌ಲೆಟ್‌ಗಳ ಹೆಸರೂ ದಾರಿಯೂ, 2009ರ ಸರ್ವ್‌ಲೆಟ್ 3.0ರಿಂದೀಚೆಗೆ ಅನೊಟೇಶನ್ನಿನ ರೂಪದಲ್ಲಿ ಕೋಡಿನೊಳಕ್ಕೇ ಬರಲು ಅವಕಾಶವಾದುದು ನ್ಯಾಯವಾಗಿಯೇ ಇದೆ. ಅವು ಎಲ್ಲಿಗೆ ಹೋದರೂ ಬದಲಾಗುವಂಥವಲ್ಲ.