ಔಷಧಿ ಕೊಡುವ ಕೈಗೂ ಶೀಲ ಬೇಕು

 



ಪಂಚಶೀಲ ಸ್ವೀಕರಿಸಿದ, 22 ಪ್ರತಿಜ್ಞೆಗಳಲ್ಲಿ ಮದ್ಯ ಬಿಟ್ಟ ನಮಗೆ ಒಂದು ಸುದ್ದಿ ಗೊಂದಲ ತರಬಹುದು. ಎಂಡಿಎಂಎ, ಸೈಲೋಸಿಬಿನ್‌ನಂತಹ ಅಮಲು ಪದಾರ್ಥಗಳನ್ನು ಮಾನಸಿಕ ಕಾಯಿಲೆಗೆ ಔಷಧಿಯಾಗಿ ಪರೀಕ್ಷಿಸುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ, ವಿಶೇಷ ಅನುಮತಿ ಪಡೆದ ಮನೋವೈದ್ಯರು ಕೆಲವು ರೋಗಿಗಳಿಗೆ ಇವನ್ನು ಬರೆದುಕೊಡಬಹುದು. ಇದು ಐದನೇ ಶೀಲಕ್ಕೆ ವಿರುದ್ಧವೇ?

ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಭಿಕ್ಖು ಪಿಲಿಂದವಚ್ಛರಿಗೆ ವಾತರೋಗ ಬಂದಾಗ ವೈದ್ಯರು ಕಾಯಿಸಿದ ಎಣ್ಣೆ ಹೇಳಿದರು, ಅದಕ್ಕೆ ಮದ್ಯ ಬೆರೆಸಬೇಕಿತ್ತು. ಬುದ್ಧರು ಒಪ್ಪಿದರು. ಕೆಲವರು ಮದ್ಯ ಹೆಚ್ಚು ಸುರಿದು ಅಮಲೇರಿದಾಗ, ಬಣ್ಣ, ವಾಸನೆ, ರುಚಿ ಗೊತ್ತಾಗದಷ್ಟು ಮಾತ್ರ ಎಂದು ಮಿತಿ ಹಾಕಿದರು. ಶೀಲ ತಡೆಯುವುದು ಪ್ರಮಾದವನ್ನು, ರೋಗಿಯ ಮದ್ದನ್ನಲ್ಲ.

ಆದರೆ ಈ ಹೊಸ ಚಿಕಿತ್ಸೆಯಲ್ಲಿ ಮನಸ್ಸು ಬದಲಾಗುವುದೇ ಮದ್ದು. ಹಾಗಾಗಿ ಪ್ರಮಾಣದ ಮಿತಿಯೊಂದೇ ಸಾಲದು, ಪಕ್ಕದಲ್ಲಿ ಕೂತವರಿಗೂ ಮಿತಿ ಬೇಕು.

ಎಂಡಿಎಂಎ ಭಯ ತಗ್ಗಿಸುತ್ತದೆ, ಎದುರಿಗಿರುವವರ ಮೇಲೆ ನಂಬಿಕೆ ಹೆಚ್ಚಿಸುತ್ತದೆ. ಆಘಾತದಿಂದ ಬಾಯಿ ಕಟ್ಟಿದವರು ಆಗ ಮಾತಾಡಬಲ್ಲರು. ಆದರೆ ಭಯ ನಮಗೆ ಕಾವಲೂ ಹೌದು. ಕಾವಲು ಮಲಗಿದಾಗ ಒಳಗೆ ಬರುವವರು ಯಾರು?

2015ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಎಂಡಿಎಂಎ ಪ್ರಯೋಗದಲ್ಲಿ ಇಬ್ಬರು ಚಿಕಿತ್ಸಕರು ರೋಗಿ ಮಹಿಳೆಯನ್ನು ಒತ್ತಿ ಹಿಡಿದದ್ದು, ಪಕ್ಕದಲ್ಲಿ ಮಲಗಿ ಅಪ್ಪಿಕೊಂಡದ್ದು ವಿಡಿಯೋದಲ್ಲಿ ದಾಖಲಾಗಿತ್ತು. ಮುಂದೆ ಅವರಲ್ಲೊಬ್ಬ ಆಕೆಯೊಂದಿಗೆ ಲೈಂಗಿಕ ಸಂಪರ್ಕ ಇಟ್ಟುಕೊಂಡ. ಆಕೆ ಬಂದದ್ದು ಹಳೆಯ ಗಾಯ ವಾಸಿಯಾಗಲೆಂದು. 2024ರ ಆಗಸ್ಟ್‌ನಲ್ಲಿ ಒಂದು ವೈದ್ಯಕೀಯ ಪತ್ರಿಕೆ ಈ ಚಿಕಿತ್ಸೆಯ ಮೂರು ಲೇಖನಗಳನ್ನು ಹಿಂದಕ್ಕೆ ಪಡೆಯಿತು. ಅದೇ ತಿಂಗಳು ಅಮೆರಿಕದ ಎಫ್‌ಡಿಎ, ಸಾಕ್ಷ್ಯ ಸಾಲದೆಂದು ಒಪ್ಪಿಗೆ ಕೊಡದೆ ಮತ್ತೊಂದು ಪ್ರಯೋಗ ಕೇಳಿತು.

“ರೋಗಿಯೇ ಒಪ್ಪಿದ್ದರಲ್ಲ” ಎಂಬ ಮಾತು ಇಲ್ಲಿ ನಿಲ್ಲದು. ಔಷಧಿ ಹುಟ್ಟಿಸಿದ ನಂಬಿಕೆ ಚಿಕಿತ್ಸಕ ಗಳಿಸಿದ ನಂಬಿಕೆಯಲ್ಲ. ಏನು ನಡೆಯಬಹುದು ಎಂಬುದನ್ನು ಎಚ್ಚರವಿದ್ದಾಗಲೇ ತೀರ್ಮಾನಿಸಬೇಕು. ಅಮಲಿನ ಹೊತ್ತಿನಲ್ಲಿ ರೋಗಿ “ಬೇಡ” ಎಂದರೆ ತಕ್ಷಣ ನಿಲ್ಲಿಸಬೇಕು. ಹೊಸದಕ್ಕೆ “ಹೂಂ” ಎಂದರೆ ಅದನ್ನು ಒಪ್ಪಿಗೆ ಎಂದು ಎಣಿಸಬಾರದು.

ಅತಿಸಾರದಿಂದ ಬಿದ್ದಿದ್ದ ಭಿಕ್ಖುವನ್ನು ಬುದ್ಧರು ಆನಂದರೊಡನೆ ತಾವೇ ತೊಳೆದು ಆರೈಕೆ ಮಾಡಿದರು. ಆಗ ರೋಗಿಯನ್ನು ನೋಡಿಕೊಳ್ಳುವವರ ಗುಣಗಳನ್ನೂ ಹೇಳಿದರು: ಮದ್ದಿನ ತಿಳಿವಳಿಕೆ ಇರಬೇಕು, ಹಿತ ಅಹಿತ ಗೊತ್ತಿರಬೇಕು, ಅಸಹ್ಯ ಪಡಬಾರದು, ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು. ಲಾಭದ ಆಸೆಯಿಂದಲ್ಲ, ಮೈತ್ರಿಯಿಂದ ಸೇವೆ ಮಾಡಬೇಕು.

ಈ ಮಾತು ವೈದ್ಯರಿಗಷ್ಟೇ ಅಲ್ಲ. ಕುಡಿತ ಬಿಡಲು ಒದ್ದಾಡುವ ತಮ್ಮ, ಮನೆಯ ಹಿಂಸೆ ಹೇಳಿಕೊಳ್ಳಲು ವಿಹಾರಕ್ಕೆ ಬರುವ ತಂಗಿ, ಇವರೂ ಕಾವಲು ಇಳಿಸಿಯೇ ನಮ್ಮ ಮುಂದೆ ಕೂರುತ್ತಾರೆ.

ಇಂದಿನ ಚಿಂತನೆಗೆ: ನನ್ನ ಮುಂದೆ ಮನಸ್ಸು ತೆರೆದವರು ಎದ್ದು ಹೋಗುವಾಗ ಹೆಚ್ಚು ಸ್ವತಂತ್ರರಾಗಿದ್ದರೇ, ನನಗೆ ಹೆಚ್ಚು ಅಧೀನರಾಗಿದ್ದರೇ?

ಭವತು ಸಬ್ಬ ಮಂಗಲಂ.