ಕಾವಲೋ, ಬೇಹುಗಾರಿಕೆಯೋ?

ಮಕ್ಕಳನ್ನು ಕಾಯುವುದು ತಂದೆತಾಯಿಗಳ ಧರ್ಮ ಎಂಬುದರಲ್ಲಿ ಎರಡು ಮಾತಿಲ್ಲ. ಹೇಗೆ ಕಾಯಬೇಕು ಎಂಬಲ್ಲಿಗೆ ಬಂದಾಗ ಮಾತ್ರ ದಾರಿಗಳು ಕವಲೊಡೆಯುತ್ತವೆ. ಹತ್ತು ವರ್ಷದ ಮಗಳು ನಿದ್ರೆ ಹೋದ ಮೇಲೆ ಅವಳು ಬಳಸುವ ಮೊಬೈಲನ್ನು ತೆರೆದು, ಯಾರಿಗೆ ಏನು ಬರೆದಿದ್ದಾಳೆಂದು ಸದ್ದಿಲ್ಲದೆ ಓದುವ ತಾಯಿ ತನ್ನ ಕರ್ತವ್ಯವನ್ನು ಮಾಡುತ್ತಿದ್ದಾಳೆಯೇ, ಇಲ್ಲವೇ ಮಗಳ ನಂಬಿಕೆಗೆ ದ್ರೋಹ ಬಗೆಯುತ್ತಿದ್ದಾಳೆಯೇ? “ನಾನು ಹೆತ್ತ ಮಗು, ನಾನು ನೋಡಿದರೆ ತಪ್ಪೇನು?” ಎಂದು ತಾಯಿ ಕೇಳಬಹುದು. “ನೋಡಬೇಕೆಂದಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ?” ಎಂದು ಮಗಳೂ ಕೇಳಬಹುದು. ಎರಡು ಪ್ರಶ್ನೆಗಳಲ್ಲೂ ನ್ಯಾಯವಿದೆ. ಆದ್ದರಿಂದಲೇ ಇದು ವಿಚಾರ ಮಾಡಬೇಕಾದ ಸಂಗತಿ.

ಹಿಂದೆ ಊರಿನಲ್ಲಿ ಬೆಳೆಯುತ್ತಿದ್ದ ಮಗುವಿಗೆ ಊರೇ ಕಾವಲಾಗಿತ್ತು. ಬೀದಿಯ ಅಂಗಡಿಯವರು, ಕಟ್ಟೆಯ ಮೇಲೆ ಕುಳಿತ ಹಿರಿಯರು, ಪಕ್ಕದ ಮನೆಯ ಅಜ್ಜಿ – ಇವರೆಲ್ಲರ ಕಣ್ಣು ತಪ್ಪಿಸಿ ಅಪರಿಚಿತನೊಬ್ಬ ಮಗುವಿನೊಡನೆ ಗಂಟೆಗಟ್ಟಲೆ ಮಾತನಾಡುವುದು ಸುಲಭವಿರಲಿಲ್ಲ. ಹೊಟ್ಟೆಪಾಡಿಗಾಗಿ ಮುಂಬಯಿಗೆ ಬಂದ ನಮ್ಮವರಿಗೆ ಚಾಳಿನ ಉದ್ದನೆಯ ಗ್ಯಾಲರಿ ಅದೇ ಉಪಕಾರವನ್ನು ಮಾಡಿತು. ಆ ಕಾವಲು ದೋಷವಿಲ್ಲದ್ದಾಗಿತ್ತೆಂದು ಹೇಳಲಾಗದು. ಬಂಧುಗಳ ವೇಷದಲ್ಲಿಯೂ ಕೇಡಿಗರು ಇರುತ್ತಿದ್ದರು. ಆದರೆ ಅದಕ್ಕೊಂದು ಗುಣವಿತ್ತು. ಅದು ಬಹಿರಂಗವಾಗಿತ್ತು. ತನ್ನನ್ನು ಯಾರು ನೋಡುತ್ತಿದ್ದಾರೆಂಬುದು ಮಗುವಿಗೆ ಗೊತ್ತಿರುತ್ತಿತ್ತು.

ಇಂದು ನಮ್ಮ ಫ್ಲಾಟಿನ ಬಾಗಿಲಿಗೆ ಎರಡೆರಡು ಬೀಗ, ಕೆಳಗೆ ವಾಚ್‌ಮನ್. ಇಷ್ಟಾಗಿಯೂ ಮೊಬೈಲೆಂಬ ಇನ್ನೊಂದು ಬಾಗಿಲು ಮಗುವಿನ ಅಂಗೈಯಲ್ಲಿಯೇ ತೆರೆದಿದೆ. ಆ ಬಾಗಿಲಿನಾಚೆ ಅಂಗಡಿಯವರೂ ಇಲ್ಲ, ಅಜ್ಜಿಯೂ ಇಲ್ಲ. ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕೋಣವೆಂದರೆ, ಶಾಲೆಯ ಸೂಚನೆಗಳು ಬರುವುದು ಅದರಲ್ಲಿ. ಕುಂದಾಪುರದಲ್ಲೋ ಧಾರವಾಡದಲ್ಲೋ ಇರುವ ಅಜ್ಜ ಅಜ್ಜಿಯರ ಮುಖ ಕಾಣುವುದು ಅದರಲ್ಲಿ. ಮನೆಯಾಚೆ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುವ ಮಗುವಿನ ಕಿವಿಗೆ ಊರಿನ ಕನ್ನಡ ಬೀಳುವುದೂ ಎಷ್ಟೋ ವೇಳೆ ಅದರಿಂದಲೇ. ಹೀಗಾಗಿ ಬಾಗಿಲನ್ನು ಪೂರ್ತಿ ಮುಚ್ಚುವ ಮಾತು ನಡೆಯದು.

ಅಪಾಯ ಬರುವ ಬಗೆಯನ್ನು ಸರಿಯಾಗಿ ತಿಳಿದುಕೊಂಡರೆ ನಮ್ಮ ಪ್ರಶ್ನೆಗೂ ಬೆಳಕು ಸಿಗುತ್ತದೆ. ಮಗು ಮೊಬೈಲಿನಲ್ಲಿ ಆಟವಾಡುತ್ತಿರುತ್ತದೆ. ಆಟದೊಳಗೇ ಇತರ ಆಟಗಾರರೊಡನೆ ಮಾತನಾಡುವ ಸೌಲಭ್ಯವಿರುತ್ತದೆ. ತಾನೂ ಅದೇ ವಯಸ್ಸಿನವನೆಂದು ಹೇಳಿಕೊಂಡು ಒಬ್ಬ ಪರಿಚಯವಾಗುತ್ತಾನೆ; ಹೊಗಳುತ್ತಾನೆ, ಆಟದ ನಾಣ್ಯಗಳನ್ನು ಉಡುಗೊರೆ ಕೊಡುತ್ತಾನೆ. ಬಳಿಕ ಮಾತನ್ನು ಬೇರೊಂದು ಖಾಸಗಿ ಆ್ಯಪಿಗೆ ಸಾಗಿಸಿ, “ಇದು ನಮ್ಮಿಬ್ಬರ ಗುಟ್ಟು” ಎನ್ನುತ್ತಾನೆ. ಆಮೇಲೆ ಒಂದು ಫೋಟೋ ಕೇಳುತ್ತಾನೆ. ಅದು ಕೈಗೆ ಸಿಕ್ಕಿತೆಂದರೆ ದನಿ ಬದಲಾಗುತ್ತದೆ: “ಹೇಳಿದ ಹಾಗೆ ಕೇಳದಿದ್ದರೆ ನಿನ್ನ ಅಪ್ಪ ಅಮ್ಮನಿಗೆ ತೋರಿಸುತ್ತೇನೆ.”

ಈ ಕೊನೆಯ ಮಾತನ್ನು ನಾವು ಮನಸ್ಸಿಟ್ಟು ಕೇಳಬೇಕು. ಅವನ ಕೈಯಲ್ಲಿರುವ ಆಯುಧ ಯಾವುದು? ಅವನು ದೂರದಲ್ಲೆಲ್ಲೋ ಕುಳಿತವನು; ಮಗುವನ್ನು ಹೊಡೆಯಲಾರ, ಊಟ ನಿಲ್ಲಿಸಲಾರ. ಅವನ ಬಂಡವಾಳವೆಲ್ಲ ನಮ್ಮ ಕೋಪ. ಮಗು ಅವನಿಗಿಂತ ನಮಗೆ ಹೆಚ್ಚು ಹೆದರುತ್ತದೆ ಎಂಬ ನಂಬಿಕೆಯ ಮೇಲೆಯೇ ಅವನ ವ್ಯಾಪಾರ ನಡೆಯುತ್ತದೆ. ಅದೇ ಮಗು ಮೊದಲ ದಿನವೇ ಅಡುಗೆಮನೆಗೆ ಓಡಿಬಂದು, “ಅಮ್ಮಾ, ಒಬ್ಬ ಹೀಗೆ ಕೇಳುತ್ತಿದ್ದಾನೆ” ಎಂದು ಹೇಳಿದರೆ ಅವನ ಬಲ ಅಲ್ಲಿಗೇ ಮುರಿಯುತ್ತದೆ.

ಹಾಗಾದರೆ ಕದ್ದು ನೋಡುವುದರಿಂದ ಆಗುವುದೇನು? ಇಂದಲ್ಲ ನಾಳೆ ಅದು ಮಗುವಿಗೆ ತಿಳಿದೇ ತಿಳಿಯುತ್ತದೆ. ಈ ಯಂತ್ರಗಳ ವಿಷಯದಲ್ಲಿ ಮಕ್ಕಳು ನಮಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ತಿಳಿದ ದಿನ ಅದು ಕಲಿಯುವ ಪಾಠ ಜಾಗ್ರತೆಯದಲ್ಲ, ಮರೆಮಾಚುವುದರದು. ಗೆಳತಿಯ ಮೊಬೈಲು, ಇನ್ನೊಂದು ಹೆಸರಿನ ಖಾತೆ, ಅಳಿಸಿಹಾಕಿದ ಸಂದೇಶ – ಹೀಗೆ ದಾರಿಗಳು ಹಲವು. ಮಗು ನಮ್ಮ ಬಳಿಗೆ ಬರುವ ದಾರಿ ಮಾತ್ರ ಮುಚ್ಚಿಹೋಗುತ್ತದೆ. ಆದ್ದರಿಂದ ಕಾವಲಿಗೂ ಬೇಹುಗಾರಿಕೆಗೂ ಇರುವ ಗೆರೆ ಇದು: ಮಗುವಿಗೆ ಹೇಳಿ ಮಾಡಬಹುದಾದದ್ದು ಕಾವಲು, ಮಗುವಿಗೆ ತಿಳಿಯಬಾರದೆಂದು ಮಾಡುವುದು ಬೇಹುಗಾರಿಕೆ.

“ಅಪಾಯ ಕಣ್ಣೆದುರಿಗಿದ್ದಾಗಲೂ ಅನುಮತಿ ಕೇಳುತ್ತ ಕೂರಬೇಕೇ?” ಎಂದು ಕೆಲವರು ಆಕ್ಷೇಪಿಸಬಹುದು. ಅದು ಸರಿಯಾದ ಆಕ್ಷೇಪ. ಮಗು ಊಟ ಬಿಟ್ಟು, ಮಂಕಾಗಿ, ಮೊಬೈಲು ಮಿಡಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದರೆ, ಬಾಯಿಬಿಡಲೂ ಒಲ್ಲದಿದ್ದರೆ, ನೋಡಲೇಬೇಕು. ಮನೆಗೆ ಬೆಂಕಿ ಬಿದ್ದಾಗ ಕದ ಮುರಿಯುವುದು ಕಳ್ಳತನವಲ್ಲ. ಆದರೆ ಮುರಿದ ಮೇಲೆ, “ನಾನೇ ನೋಡಿದೆ, ನಿನ್ನ ಬಗ್ಗೆ ಭಯವಾಯಿತು, ಅದಕ್ಕೇ ನೋಡಿದೆ” ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಬೇಕು.

ಚಿಕ್ಕ ಮಗುವಿಗೆ ಖಾಸಗಿತನವೆಲ್ಲಿಯದು ಎಂದು ನಗುವವರಿದ್ದಾರೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಮುಖ್ಯವಾಗಿ ಸರ್ಕಾರದ ಎದುರಿನದು, ತಂದೆತಾಯಿಗಳ ಎದುರಿನದಲ್ಲ, ನಿಜ. ಆದರೆ 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿ, 1992ರಲ್ಲಿ ಭಾರತವೂ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿನ ಖಾಸಗಿತನವನ್ನೂ ಮಾನ್ಯ ಮಾಡಿದೆ. ತಂದೆತಾಯಿಗಳ ಮಾರ್ಗದರ್ಶನ ಮಗುವಿನ ಬೆಳೆಯುವ ಸಾಮರ್ಥ್ಯಕ್ಕೆ ಹೊಂದಿಕೊಂಡಿರಬೇಕೆಂದೂ ಹೇಳಿದೆ. ಆರು ವರ್ಷದ ಮಗು ನಮ್ಮ ಪಕ್ಕದಲ್ಲಿ ಕುಳಿತೇ ಮೊಬೈಲು ನೋಡಲಿ. ಹತ್ತು ವರ್ಷದ ಮಗು ನಡುಮನೆಯಲ್ಲಿ ನೋಡಲಿ. ರಾತ್ರಿ ಎಲ್ಲರ ಮೊಬೈಲೂ, ನಮ್ಮದೂ ಸೇರಿ, ಒಂದೇ ಕಡೆ ಮಲಗಲಿ. ಹದಿನೈದರ ಹುಡುಗನಿಗೆ ನಿಯಮಗಳಿಗಿಂತ ಮಾತುಕತೆ ಹೆಚ್ಚಾಗಲಿ. ವಯಸ್ಸಿನೊಂದಿಗೆ ಹಗ್ಗವೂ ಉದ್ದವಾಗಬೇಕು.

ನಮ್ಮ ಕಡೆಯ ಸತ್ಯನಿಷ್ಠೆಯೂ ಇಲ್ಲಿ ಪ್ರಶ್ನೆಗೆ ಒಳಗಾಗುತ್ತದೆ. ಎಷ್ಟೋ ಜಾಲತಾಣಗಳು ಖಾತೆ ತೆರೆಯಲು 13 ವರ್ಷವಾಗಿರಬೇಕೆನ್ನುತ್ತವೆ. ಈ ಸಂಖ್ಯೆ ಬಂದದ್ದು 1998ರ ಅಮೆರಿಕದ ಕಾಯ್ದೆಯೊಂದರಿಂದ. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೂ 18 ತುಂಬದವರೆಲ್ಲರನ್ನೂ ಮಕ್ಕಳೆಂದೇ ಕರೆದು, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆಂದು ವಿಧಿಸಿದೆ. ಆದರೆ ಮಗು ಹಟ ಹಿಡಿದಾಗ, “ಹುಟ್ಟಿದ ವರ್ಷ ಹಿಂದಿನದು ಹಾಕು” ಎಂದು ಹೇಳಿಕೊಡುವವರು ಎಷ್ಟೋ ವೇಳೆ ನಾವೇ. ಅಂತರ್ಜಾಲದಲ್ಲಿ ಮಗು ಇಡುವ ಮೊದಲ ಹೆಜ್ಜೆಯೇ ನಮ್ಮ ಸಮ್ಮುಖದಲ್ಲಿ ಹೇಳಿದ ಸುಳ್ಳು. ಅಷ್ಟೇ ಅಲ್ಲ, ದೊಡ್ಡವನೆಂದು ಬರೆದುಕೊಂಡ ಮಗುವಿಗೆ, ಮಕ್ಕಳಿಗಾಗಿ ಆ ತಾಣಗಳಲ್ಲಿರುವ ರಕ್ಷಣೆಗಳೂ ಸಿಗದೆ ಹೋಗುತ್ತವೆ.

ಫೋಟೋಗಳ ಮಾತೂ ಹೀಗೆಯೇ. ಅಪರಿಚಿತರಿಗೆ ಹೆಸರು, ವಿಳಾಸ ಹೇಳಬೇಡವೆಂದು ಮಗುವಿಗೆ ಬೋಧಿಸುವ ನಾವು, ಶಾಲೆಯ ಹೆಸರು ಕಾಣುವ ಸಮವಸ್ತ್ರದಲ್ಲಿ ಅದನ್ನು ನಿಲ್ಲಿಸಿ, ಹುಟ್ಟುಹಬ್ಬದ ದಿನಾಂಕ ಸಮೇತ ಫೋಟೋವನ್ನು ನೂರಾರು ಜನರಿರುವ ಗುಂಪಿಗೆ ಕಳುಹಿಸುತ್ತೇವೆ. ಮಗುವನ್ನು ಒಂದು ಮಾತು ಕೇಳುವುದಿಲ್ಲ. “ಈ ಫೋಟೋ ಹಾಕಲೇ?” ಎಂದು ನಾವು ಕೇಳುತ್ತ ಬಂದರೆ, ಮುಂದೆ ಯಾರಾದರೂ ಫೋಟೋ ಬೇಡಿದಾಗ “ಬೇಡ” ಎನ್ನುವ ಅಭ್ಯಾಸ ಮಗುವಿಗೆ ಮನೆಯಲ್ಲೇ ಆಗಿರುತ್ತದೆ.

ಇಷ್ಟಾದರೂ ಕೇಡು ಸಂಭವಿಸಬಹುದು. ಆಗ ಮೊದಲ ಮಾತು “ಯಾಕೆ ಹೀಗೆ ಮಾಡಿದೆ?” ಎಂದಾಗದೆ, “ಹೇಳಿದ್ದು ಒಳ್ಳೆಯದಾಯಿತು” ಎಂದಾಗಲಿ. ಮೊಬೈಲನ್ನು ದಂಡವಾಗಿ ಕಸಿದುಕೊಂಡರೆ ಮಗು ಮತ್ತೆ ಹೇಳುವುದಿಲ್ಲ. ಬೆದರಿಸಿದವನ ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು, ಅವನಿಗೆ ಹಣ ಕೊಡಬಾರದು, ಮಗುವಿನ ಚಿತ್ರವನ್ನು ಸಾಕ್ಷ್ಯಕ್ಕೆಂದೂ ನೆಂಟರಿಷ್ಟರಿಗೆ ಕಳುಹಿಸಬಾರದು. ಸೈಬರ್ ಅಪರಾಧಗಳ ದೂರಿಗೆ 1930 ಇದೆ. ಮಕ್ಕಳ ನೆರವಿಗೆ, 1996ರಲ್ಲಿ ನಮ್ಮ ಮುಂಬಯಿಯಲ್ಲಿಯೇ ಆರಂಭವಾದ 1098 ಇದೆ. “ನಾಲ್ಕು ಜನಕ್ಕೆ ತಿಳಿದರೆ ಮರ್ಯಾದೆಯ ಗತಿಯೇನು?” ಎಂದು ಪರಊರಿನಲ್ಲಿ ಬಾಳುವವರು ಇನ್ನಷ್ಟು ಅಂಜುವುದುಂಟು. ಲೈಂಗಿಕ ಕಿರುಕುಳಕ್ಕೆ ಒಳಗಾದ ಮಗುವಿನ ಗುರುತನ್ನು ಪತ್ರಿಕೆಗಳು ಬಯಲು ಮಾಡದಂತೆ 2012ರ ಪೋಕ್ಸೋ ಕಾಯ್ದೆ ತಡೆಯುತ್ತದೆ. ಮರ್ಯಾದೆ ಹೋಗಬೇಕಾದದ್ದು ಬೆದರಿಸಿದವನದು, ಮಗುವಿನದಲ್ಲ.

ಎಲ್ಲ ಅಪಾಯಗಳನ್ನೂ ತಡೆಯಬಲ್ಲ ಬೀಗವನ್ನು ಯಾವ ಕಂಪನಿಯೂ ಮಾರುವುದಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಗುವಿಗೆ ಒಂದು ಮಾತು ಕೊಡೋಣ: ಮೊಬೈಲಿನಲ್ಲಿ ಏನೇ ಆದರೂ, ತಪ್ಪು ನಿನ್ನದೇ ಆಗಿದ್ದರೂ, ನೀನು ಬಂದು ಹೇಳಿದರೆ ನಾವು ಗದರುವುದಿಲ್ಲ ಎಂದು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಸುಲಭವಲ್ಲ. ಸಿಟ್ಟು ಬಂದ ಗಳಿಗೆಯಲ್ಲೇ ಅದರ ಪರೀಕ್ಷೆ ನಡೆಯುತ್ತದೆ.